ಹಳದಿ ಎಳೆಯಿಂದ ಎಂಟು ಬೆರಳು

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆಗ ನಮ್ಮ ಮನೆಯಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಆ ಹೊತ್ತು ನಮಗೆ ಗೊತ್ತಾದದ್ದು ಮೂರೂವರೆ ತಾಸಿನ ಮೇಲೆ, ಆಸ್ಪತ್ರೆಯ ಕಾರಿಡಾರಿನಲ್ಲಿ, ಅದೂ ಫೋನಿನಲ್ಲಿ. ಆದರೂ ಆ ಭಾನುವಾರವನ್ನು ನೆನೆದಾಗಲೆಲ್ಲ ನನ್ನ ತಲೆ ಅಲ್ಲಿಂದಲೇ ಶುರು ಮಾಡುತ್ತದೆ. ಹನ್ನೊಂದು ಇಪ್ಪತ್ತಕ್ಕೆ ಮಗ್ಗದ ಸಪ್ಪಳ ಒಮ್ಮೆ ತಪ್ಪಿತು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಪಡಸಾಲೆಯ ಅರ್ಧ ಭಾಗ ಕುಣಿಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂರುತ್ತಾನೆ. ಕಾಲು ಹಲಗೆ ಮೆಟ್ಟಿದರೆ ಉದ್ದಕ್ಕೆ ಹೂಡಿದ ಹಾಸಿನ ನೂಲು ಬಾಯಿ ತೆರೆಯುತ್ತದೆ, ಬಲಗೈ ಹಗ್ಗ ಎಳೆದರೆ ಲಾಳಿ ಆ ಬಾಯಿಯೊಳಗಿಂದ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತದೆ, ಎಡಗೈ ಅದು ಹಿಂದೆ ಬಿಟ್ಟುಹೋದ ಎಳೆಯನ್ನು ಬಡಿದು ಕೂಡಿಸುತ್ತದೆ. ಮೆಟ್ಟು, ಎಳೆ, ಬಡಿ. ಅಪ್ಪ ತನ್ನ ಕೈಯನ್ನು ನೋಡಿ ನೇಯ್ದದ್ದನ್ನು ನಾನು ಕಂಡಿಲ್ಲ. ಓಣಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ, ಅವ್ವನ ಜೊತೆ ವಾದ ಮಾಡುತ್ತ ನೇಯುತ್ತಾನೆ. ಆ ಸಪ್ಪಳದಲ್ಲೇ ನಾನು ಓದಿದ್ದು, ಪರೀಕ್ಷೆ ಬರೆದದ್ದು, ಲಕ್ಷ್ಮೇಶ್ವರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಹಿಡಿದದ್ದು.

ಅಪ್ಪನಿಗೆ ಅವನಪ್ಪನಿಂದ ಬಂದ ಒಂದು ರೂಢಿಯಿದೆ. ಊಟಕ್ಕೋ ಚಹಾಕ್ಕೋ ಮಗ್ಗ ಬಿಟ್ಟು ಮತ್ತೆ ಕೂರುವಾಗ, ಮೊದಲು ನೇಯ್ದ ಅರಿವೆಯ ಅಂಚಿಗೆ ಅರಿಶಿಣದಲ್ಲಿ ಅದ್ದಿದ ಒಂದು ಎಳೆ ಕಟ್ಟುತ್ತಾನೆ. ಆಮೇಲೆಯೇ ನೇಯ್ಗೆ. ಒಂದು ತಾಸಿಗೆ ಒಂದು ಮೊಳ, ಅರ್ಧ ತಾಸಿಗೆ ಒಂದು ಗೇಣು. ಅವನ ಕೈ ಇದಕ್ಕಿಂತ ಹೆಚ್ಚೂ ಓಡುವುದಿಲ್ಲ, ಕಡಿಮೆಯೂ ಆಗುವುದಿಲ್ಲ. "ಗಡಿಯಾರಕ್ಕ ಸೆಲ್ ಬೇಕು, ನಾ ನೇಯ್ದ ಅರಿವಿಗೆ ಏನೂ ಬ್ಯಾಡ," ಎಂದು ಹೇಳಿ ತಾನೇ ನಗುತ್ತಾನೆ. ಸಣ್ಣವರಿದ್ದಾಗಿನಿಂದ ಕೇಳಿ ಕೇಳಿ ನಮಗೆ ನಗು ಬರುವುದು ನಿಂತು ಬಹಳ ದಿನವಾಗಿತ್ತು.

ಅಂದು ಚಹಾದ ಹೊತ್ತಿಗೆ ಮುಂಡರಗಿಯಿಂದ ಅಕ್ಕನ ಫೋನು ಬಂತು. ಅಪ್ಪ ಕುಣಿಯ ದಂಡೆಯ ಮೇಲೆ ಕುಳಿತು, ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ನನ್ನ ಫೋನು ಹಿಡಿದು ಅವಳ ಜೊತೆ ಮಾತಾಡಿದ. ಫೋನು ನನಗೆ ಕೊಟ್ಟು, ಹಳದಿ ಎಳೆ ಕಟ್ಟಿ, ಕುಣಿಗೆ ಇಳಿದ. ನಾನು ಒಳಕೋಣೆಗೆ ಹೋಗಿ ಕಿರುಪರೀಕ್ಷೆಯ ಪೇಪರು ತಿದ್ದುತ್ತ ಕುಳಿತೆ.

ಸಪ್ಪಳ ತಪ್ಪಿದ್ದು ನನಗೆ ಕೇಳಿಸಿತು. ಎಳೆಯುವುದಕ್ಕೂ ಬಡಿಯುವುದಕ್ಕೂ ನಡುವೆ ಎಂದೂ ಇಲ್ಲದ ಒಂದು ಸಂದು. ಮತ್ತೆ ಸರಿಯಾಯಿತು. ಮತ್ತೆ ತಪ್ಪಿತು. ಸ್ವಲ್ಪ ಹೊತ್ತಿಗೆ ಲಾಳಿ ಹಾಸಿನಿಂದ ಹೊರಗೆ ಜಿಗಿದು ಗೋಡೆಗೆ ಬಡಿಯಿತು.

"ಹಗ್ಗ ಸಡಲ ಆಗೈತಿ," ಎಂದ ಅಪ್ಪ.

ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದ ಅವ್ವ ತಲೆಯೆತ್ತಿದಳು. "ನಿನ್ನೆನ ಬಿಗದೀರಲ್ರಿ."

"ಬಿಗದದ್ದು ಸಡಲ ಆಗಬಾರದು ಅಂತ ಐತೇನು?"

ಹಗ್ಗ ಬಿಗಿದು ಮತ್ತೆ ಕುಳಿತ. ಲಾಳಿ ಮತ್ತೆ ಜಿಗಿಯಿತು. ಮೂರನೆಯ ಸಲಕ್ಕೆ ಅಪ್ಪ ಗೋಡೆಯಾಚೆಗೆ ಕೂಗಿ ಕಾಕಾನನ್ನು ಕರೆದ. ಕಾಕಾ ಅಪ್ಪನ ತಮ್ಮ. ಅವನದೂ ಪಕ್ಕದ ಮನೆಯಲ್ಲೇ ಮಗ್ಗ. ಬಂದವನೇ ಸೊಂಟದ ಮೇಲೆ ಕೈಯಿಟ್ಟು ನಿಂತ.

"ನಮ್ಮಜ್ಜನ ಕಾಲದ ಕಟಗಿ ಅಣ್ಣ ಇದು. ಇದಕ್ಕೂ ಪಿಂಚಣಿ ಬೇಕಲ್ಲ."

"ಪಿಂಚಣಿ ಆಮ್ಯಾಲೆ ಕೊಡೂಣು. ಮೊದಲ ಕೆಳಗ ಬಗ್ಗು."

ಕಾಕಾ ಬಗ್ಗಿದ. "ಬೆಳಕಿಲ್ಲವ್ವಾ," ಎಂದು ನನ್ನನ್ನು ಕರೆದ. ನಾನು ಮೊಬೈಲಿನ ಟಾರ್ಚು ಹಾಕಿ ಮಗ್ಗದ ಕೆಳಗೆ ಹಿಡಿದೆ. ಮುಂದಿನ ಒಂದು ತಾಸಿಗೂ ಹೆಚ್ಚು ಹೊತ್ತು ಅವರಿಬ್ಬರೂ ಮಗ್ಗವನ್ನು ನೋಡಿದರು. ಹಗ್ಗ ಬದಲಿಸಿದರು. ಲಾಳಿ ಓಡುವ ಹಾದಿಯನ್ನು ಒರೆಸಿದರು. ಕಾಕಾ ತನ್ನ ಮನೆಯ ಲಾಳಿಯನ್ನೇ ತಂದು ಹಾಕಿದ. ಅದೂ ಜಿಗಿಯಿತು. ಒಣಹವೆಗೆ ನೂಲು ಬಿರುಸಾಗಿದೆ ಎಂದು ಅವ್ವ ಹಾಸಿನ ನೂಲಿಗೆ ನೀರು ಚಿಮುಕಿಸಿದಳು.

ಅದರ ನಡುವೆ ನಾನು ಒಂದು ಸಂಗತಿ ನೋಡಿದೆ. ಅರಿವೆಯ ಮೇಲೆ ಬಿದ್ದ ಲಾಳಿ ಎತ್ತಿಕೊಳ್ಳಲು ಅಪ್ಪ ಬಲಗೈ ಚಾಚಿದ. ಕೈ ಲಾಳಿಯನ್ನು ದಾಟಿ ನಾಲ್ಕು ಬೆರಳು ಆಚೆ ಹೋಯಿತು. ನಿಂತಿತು. ಹಿಂದೆ ಬಂದು ಈ ಬದಿಗೆ ದಾಟಿತು. ಮೂರನೆಯ ಸಲಕ್ಕೆ, ಸಣ್ಣಗೆ ಅಲುಗುತ್ತ, ಲಾಳಿ ಸಿಕ್ಕಿತು.

ನಾನು ಇದನ್ನು ಎಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೇಜಿನ ಮೇಲಿನ ಪೆನ್ನು ಎತ್ತಿಕೊಳ್ಳಬೇಕೆಂದು ಮೆದುಳು ತೋಳಿಗೆ ಅಪ್ಪಣೆ ಕಳಿಸುತ್ತದೆ. ಅದೇ ಅಪ್ಪಣೆಯ ಒಂದು ಪ್ರತಿ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿಗೂ ಹೋಗುತ್ತದೆ. ಇತ್ತ ತೋಳಿನ ಸ್ನಾಯು, ಕೀಲುಗಳಿಂದ ಕೈ ಈಗ ಎಲ್ಲಿದೆ, ಎಷ್ಟು ಜೋರಾಗಿ ಹೊರಟಿದೆ ಎಂಬ ಸುದ್ದಿ ಬೆನ್ನುಹುರಿಯ ಮೂಲಕ ಅಲ್ಲಿಗೇ ಬರುತ್ತದೆ. ಕಿರುಮೆದುಳು ಎರಡನ್ನೂ ಹೋಲಿಸುತ್ತದೆ. ಕೈ ಹೊರಡುವಾಗ ಒಂದು ಸ್ನಾಯು ಎಳೆದರೆ, ಮುಟ್ಟುವ ಮೊದಲೇ ಎದುರಿನ ಸ್ನಾಯು ಹಿಡಿದು ನಿಲ್ಲಿಸಬೇಕು. ಯಾವ ಕ್ಷಣಕ್ಕೆ ಹಿಡಿಯಬೇಕೆಂದು ಹೇಳುವುದು ಅದರ ಕೆಲಸ. ಅದು ತಡ ಮಾಡಿದರೆ ಕೈ ಗುರಿ ದಾಟುತ್ತದೆ. ಆಮೇಲೆ ತಿದ್ದಲು ಹೋಗಿ ಮತ್ತೆ ದಾಟುತ್ತದೆ. ಹುಡುಗರಿಗೆ ಅರ್ಥವಾಗಲೆಂದು, ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಿ ಎಂದು ಪ್ರತಿವರ್ಷ ತರಗತಿಯಲ್ಲಿ ಮಾಡಿಸುತ್ತೇನೆ. ಎಲ್ಲರೂ ನಗುತ್ತಾರೆ.

ಇಷ್ಟೆಲ್ಲ ಗೊತ್ತಿದ್ದ ನಾನು, ಅಪ್ಪನ ಕೈ ಲಾಳಿಯನ್ನು ದಾಟಿದ್ದನ್ನು ಕಣ್ಣಾರೆ ಕಂಡು, ಟಾರ್ಚನ್ನು ಇನ್ನಷ್ಟು ಕೆಳಗೆ ಹಿಡಿದೆ. "ಆ ಮೂಲಿಯಾಗ ನೋಡ್ರಿ ಕಾಕಾ," ಎಂದೆ.

ಅಪ್ಪನ ಕೈಯನ್ನು ಅನುಮಾನಿಸಲು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ತಪ್ಪು ಎಂದರೆ ಮಗ್ಗದ್ದು, ನೂಲಿನದ್ದು, ಹವೆಯದ್ದು. ನಲವತ್ತು ವರ್ಷ ಹಾಗೆಯೇ ಇತ್ತು. ಬೇರೆ ಮನೆಯಾಗಿದ್ದರೆ ಬಹುಶಃ ಮೊದಲು ಮನುಷ್ಯನನ್ನು ನೋಡುತ್ತಿದ್ದರು.

ಊಟದ ಹೊತ್ತು ಮೀರಿತೆಂದು ಅವ್ವ ಮಜ್ಜಿಗೆ ತಂದು ಕುಣಿಯ ದಂಡೆಯ ಮೇಲಿಟ್ಟಳು. ಅಪ್ಪ ಲೋಟ ಹಿಡಿದ. ತುಟಿಯ ಹತ್ತಿರ ಬಂದಷ್ಟೂ ಕೈಯ ನಡುಕ ಹೆಚ್ಚಾಯಿತು. ಅರ್ಧ ಮಜ್ಜಿಗೆ ಎದೆಯ ಮೇಲೆ ಚೆಲ್ಲಿತು. "ನೆಲ ತಿರಗಾಕತ್ತೈತಿ," ಎಂದ. ನಾಲಿಗೆ ತೊದಲಿತು. ಬದಿಗೆ ಬಾಗಿ ವಾಂತಿ ಮಾಡಿಕೊಂಡ.

"ಪಿತ್ತ ಆಗೈತಿ ವೈನಿ, ಸುಂಠಿ ತರ್ರಿ," ಎಂದು ಕಾಕಾ ಅವ್ವನಿಗೆ ಹೇಳಿದ. ಅವನಿಗೂ ಒಂದು ಸಂಶಯ ಬಂದಿರಬೇಕು. ಅಪ್ಪನ ಬಲಗೈಯೊಳಗೆ ತನ್ನ ಕೈಯಿಟ್ಟು, "ಹಿಚಕು ನೋಡೂಣು," ಎಂದ. ಅಪ್ಪ ಹಿಚುಕಿದ. "ಯಪ್ಪಾ, ಬಿಡು ಮಾರಾಯ. ಶಕ್ತಿ ಐತಿ, ಬಾಯಿ ಸೊಟ್ಟ ಆಗಿಲ್ಲ. ಲಕ್ವಾ ಏನಲ್ಲ ಇದು."

ಲಕ್ವಾ ಎಂಬ ಮಾತು ಕಿವಿಗೆ ಬಿದ್ದ ಮೇಲೆಯೇ ನನಗೆ ಎಚ್ಚರವಾದದ್ದು. ನಾನು ಟಾರ್ಚು ಆರಿಸಿದೆ.

"ಅಪ್ಪಾ, ನನ್ನ ಬೆರಳ ಮುಟ್ಟು. ಈಗ ನಿನ್ನ ಮೂಗ ಮುಟ್ಟಿಕೋ."

ಎಡಗೈ ಸರಿಯಾಗಿ ಮುಟ್ಟಿತು. ಬಲಗೈಯ ಬೆರಳು ಮೂಗು ಬಿಟ್ಟು ಕಣ್ಣಿನ ಕೆಳಗೆ ಹೋಗಿ ಚುಚ್ಚಿತು. ಅಪ್ಪ ನನ್ನ ಮುಖ ನೋಡಿದ. ಆಗ ಎರಡಕ್ಕೆ ಹತ್ತು ನಿಮಿಷವಿತ್ತು. ಈ ಸಲ ನಾನು ಗಡಿಯಾರ ನೋಡಿದೆ.

ಕುಣಿಯಿಂದ ಅವನನ್ನು ಮೇಲೆತ್ತುವುದು ಸುಲಭವಾಗಲಿಲ್ಲ. ಕಾಲಿನಲ್ಲಿ ಬಲವಿತ್ತು, ಆದರೆ ನಿಲ್ಲಿಸಿದರೆ ಬಲಕ್ಕೆ ವಾಲುತ್ತಿದ್ದ. ಆಟೊದಲ್ಲಿ ನಾನು ಒಂದು ಕಡೆ, ಅವ್ವ ಒಂದು ಕಡೆ. ಮನೆ ತೆರೆದೇ ಇದೆ, ನಾನು ಬಾಗಿಲು ಹಾಕಿಕೊಂಡು ಹಿಂದೆ ಬರುತ್ತೇನೆ ಎಂದು ಕಾಕಾ ನಿಂತ. ದಾರಿಯಲ್ಲಿ ಹತ್ತಿಯ ಮೂಟೆ ಹೇರಿದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡು ಆಟೊ ನಿಂತಿತು. ಎಷ್ಟು ಹೊತ್ತು ನಿಂತಿತೆಂದು ಈಗಲೂ ಹೇಳಲಾರೆ. ನಾನು ಅಪ್ಪನ ಉಸಿರು ಎಣಿಸುತ್ತಿದ್ದೆ.

ಗದಗದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಗುವ ಹೊತ್ತಿಗೆ ಮೂರಕ್ಕೆ ಹತ್ತು ನಿಮಿಷ. ವೈದ್ಯೆ ನನಗಿಂತ ಚಿಕ್ಕವರು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ, ಕಿರುಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಂತಿದೆ ಎಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ತೊಂದರೆ ಶುರುವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ಮೆದುಳಿನಲ್ಲೇ ರಕ್ತ ಸೋರಿ ಜೀವಕ್ಕೆ ಅಪಾಯ.

"ಯಾವಾಗ ಶುರುವಾತು? ಅಂದಾಜು ಬ್ಯಾಡ್ರಿ, ಖರೆ ಹೇಳ್ರಿ."

"ಈಗ, ಊಟದ ಹೊತ್ತಿಗೆರಿ," ಎಂದಳು ಅವ್ವ.

ಸ್ಟ್ರೆಚರಿನ ಮೇಲಿದ್ದ ಅಪ್ಪ ತೊದಲಿದ. "ಇಲ್ರಿ. ಮುಂಜಾನಿಂದ. ಮುಂಜಾನಿಂದನ ಕೆಟ್ಟೈತಿ."

ವೈದ್ಯೆ ಬರೆಯುವುದನ್ನು ನಿಲ್ಲಿಸಿದರು. "ಮುಂಜಾನಿಂದ ಅಂದ್ರ ಕೊಡಾಕ ಬರೂದಿಲ್ಲ."

ಅವ್ವ ನನ್ನ ಕೈ ಹಿಡಿದಳು. ಅವಳ ಕಣ್ಣು ಏನು ಹೇಳುತ್ತಿತ್ತೆಂದು ನನಗೆ ತಿಳಿಯಿತು. ಒಂದು ಗಂಟೆಗೆ ಅಂತ ಹೇಳಿಬಿಡು. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಆ ಸುಳ್ಳೇ ಅವನನ್ನು ಕೊಲ್ಲಬಹುದೆಂದು ಈಗಷ್ಟೇ ಕೇಳಿದ್ದೆ. ಅಪ್ಪ ಹೇಳಿದ್ದು ನಿಜವೇ? ಬೆಳಿಗ್ಗೆಯಿಂದಲೇ ಕೈ ತಪ್ಪುತ್ತಿದ್ದು, ನಾನು ಕೇಳಿಸಿಕೊಂಡಿಲ್ಲವೇ? ಗೋಡೆಯ ಮೇಲಿನ ಗಡಿಯಾರದಲ್ಲಿ ದೊಡ್ಡ ಮುಳ್ಳು ಹನ್ನೆರಡರ ಹತ್ತಿರ ಹೋಗುತ್ತಿತ್ತು.

ಆಗ ಹಳದಿ ಎಳೆ ನೆನಪಾಯಿತು. ಕಾಕಾನಿಗೆ ಫೋನು ಹಚ್ಚಿದೆ.

"ಕಾಕಾ, ಎಲ್ಲೀರಿ?"

"ಮಗ್ಗದ ಮ್ಯಾಲೆ ಅದೇನಿ. ಈ ಕೆಟ್ಟ ಎಳಿ ಬಿಚ್ಚಿಟ್ಟು ಬರ್ತೇನಿ. ನಿಮ್ಮಪ್ಪ ಎದ್ದು ಬಂದು ಇದನ್ನ ನೋಡಿದರ ಇನ್ನಷ್ಟು ಆರಾಮ ತಪ್ಪತೈತಿ."

ನೇಕಾರನ ಮನೆಯಲ್ಲಿ ಕೆಟ್ಟ ಅರಿವೆಯನ್ನು ಮಗ್ಗದ ಮೇಲೆ ಯಾರೂ ಬಿಡುವುದಿಲ್ಲ. ಅವನು ಕುಳಿತು ಒಂದೊಂದೇ ಎಳೆ ಕೀಳುತ್ತಿದ್ದ. ನಾನು ಕಾರಿಡಾರಿನಲ್ಲೇ ಕೂಗಿದೆ.

"ಬಿಚ್ಚಬ್ಯಾಡ್ರಿ ಕಾಕಾ. ಕೈ ತೆಗೀರಿ. ಎಷ್ಟು ಬಿಚ್ಚೀರಿ?"

"ಎರಡು ಬೆರಳ. ಯಾಕ?"

"ಹನ್ನೊಂದರ ಹಳದಿ ಎಳಿ ಐತೇನು?"

"ಐತಿ."

"ಅಲ್ಲಿಂದ ಅಂಚು ಎಲ್ಲಿತನಕ ನೆಟ್ಟಗೈತಿ? ಬೆರಳಿಟ್ಟು ನೋಡ್ರಿ."

ಅವನು ಎಣಿಸುವುದು ಕೇಳುತ್ತಿತ್ತು. "ಆರು... ಆರೂವರಿ. ತಡಿ, ನನ್ನ ಬೆರಳ ದಪ್ಪ. ನಿಮ್ಮಪ್ಪನ ಬೆರಳಿಗೆ ಎಂಟು ಆಗತೈತಿ."

"ಪಟ್ಟಿ ಹಚ್ಚಿ ನೋಡ್ರಿ. ಫೋಟೊ ಕಳಸ್ರಿ."

ಆರು ಇಂಚು. ಮೊದಲು ಬಂದ ಫೋಟೊ ಅವನ ಹೆಬ್ಬೆರಳಿನದು. ಎರಡನೆಯದು ಸರಿಯಿತ್ತು. ಒಂಬತ್ತಕ್ಕೆ ಕಟ್ಟಿದ ಎಳೆಯಿಂದ ಹನ್ನೊಂದರ ಎಳೆಯವರೆಗೆ ಅಂಚು ಗೆರೆ ಕೊರೆದಷ್ಟು ನೆಟ್ಟಗಿತ್ತು. ಹನ್ನೊಂದರ ಎಳೆಯಿಂದ ಮುಂದಿನ ಆರು ಇಂಚೂ ಹಾಗೆಯೇ ಇತ್ತು. ಆಮೇಲೆ ಬಲಗೈ ಹಗ್ಗವನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಳೆದ ಗುರುತು. ಅಂಚು ಒಂದೆಡೆ ಒಳಗೆ ಸೆಳೆದುಕೊಂಡು, ಇನ್ನೊಂದೆಡೆ ಎಳೆ ಜೋಲುಬಿದ್ದು ಹೊರಗೆ ಚಾಚಿತ್ತು.

ನಾನು ವೈದ್ಯೆಗೆ ಫೋಟೊ ತೋರಿಸಿ, ಅಪ್ಪನ ಕೈ ತಾಸಿಗೆ ಒಂದು ಮೊಳ, ಅಂದರೆ ಹದಿನೆಂಟು ಇಂಚು, ಆರು ಇಂಚಿಗೆ ಇಪ್ಪತ್ತು ನಿಮಿಷ ಎಂದೆ. ನನ್ನ ಮಾತು ನನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಅವರು ಫೋಟೊ ದೊಡ್ಡದು ಮಾಡಿ ನೋಡಿದರು.

"ಈ ಹಳದಿ ಎಳಿ ಹನ್ನೊಂದಕ್ಕ ಕಟ್ಟಿದ್ದು ಅಂತ ಹೆಂಗ ಹೇಳ್ತೀರಿ?"

ಫೋನಿನಲ್ಲಿ ಅಕ್ಕನ ಕರೆ ತೆಗೆದು ತೋರಿಸಿದೆ. ಮುಗಿದ ಹೊತ್ತು ಸರಿಯಾಗಿ ಹನ್ನೊಂದು. ಅವರೇ ಅಕ್ಕನಿಗೆ ಫೋನು ಮಾಡಿಸಿ, ಅಪ್ಪನ ಮಾತು ಸ್ಪಷ್ಟವಿತ್ತೇ ಎಂದು ಕೇಳಿದರು. ಅಕ್ಕನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. "ಸ್ಪಷ್ಟ ಇತ್ರಿ. ನನಗ ಬೈದ. ಯಾಕ್ರಿ, ಏನಾಗೈತಿ?" ಎಂದಳು.

ವೈದ್ಯೆ ಅಪ್ಪನ ಮೇಲೆ ಬಾಗಿದರು. "ಅಜ್ಜಾರ, ಮಗಳ ಜೋಡಿ ಮಾತಾಡುವಾಗ ಕೈ ಚೊಲೊ ಇತ್ತೇನ್ರಿ?"

"ಎಳಿ ಕಟ್ಟೀನಲ್ರಿ," ಎಂದ ಅಪ್ಪ. "ಕೈ ಕೆಟ್ಟಿದ್ದರ ಗಂಟು ಬೀಳತಿತ್ತೇನು?"

"ನಾನು ಹನ್ನೊಂದು ಇಪ್ಪತ್ತು ಅಂತ ಬರಕೊಳ್ಳೂದಿಲ್ಲ. ಚೊಲೊ ಇದ್ದದ್ದು ಖಾತ್ರಿ ಇರೂದು ಹನ್ನೊಂದಕ್ಕ. ಅದನ್ನ ಬರಕೋತೇನಿ," ಎಂದು ವೈದ್ಯೆ ಒಳಗೆ ನಡೆದರು. ಮೂರೂ ಹತ್ತಕ್ಕೆ ಇಂಜೆಕ್ಷನ್ ಶುರುವಾಯಿತು. ಮೂರೂವರೆ ದಾಟಿದ್ದರೆ ಆಗುತ್ತಿರಲಿಲ್ಲ.

ಮುಂದಿನ ಮೂರು ದಿನ ಇನ್ನೊಂದು ಭಯ. ಪೆಟ್ಟು ಬಿದ್ದ ಕಿರುಮೆದುಳು ಬಾತರೆ ಅದರ ಮುಂದಿರುವ, ಉಸಿರಾಟ ನಡೆಸುವ ಭಾಗವನ್ನು ಒತ್ತುತ್ತದೆ. ಅದಕ್ಕಾಗಿ ದಾದಿಯರು ತಾಸಿಗೊಮ್ಮೆ ಅವನನ್ನು ಎಬ್ಬಿಸಿ, ಹೆಸರು ಕೇಳಿ, ಬೆರಳು ಮುಟ್ಟಿಸುತ್ತಿದ್ದರು. ಅವನು ಉತ್ತರ ಕೊಡಲು ತಡ ಮಾಡಿದಾಗಲೆಲ್ಲ ನಾನು, ಅವ್ವ ಎದ್ದು ನಿಲ್ಲುತ್ತಿದ್ದೆವು. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ, ಹೊಂಬಳದಾಕೆ, "ಕುಂಡ್ರಿ ಯಕ್ಕಾ, ನೀವು ನಿಂತರ ಅವರಿಗೇನು ಜಲ್ದಿ ಮಾತ ಬರ್ತಾವೇನು," ಎಂದು ರೊಟ್ಟಿ ಬಿಚ್ಚಿ ಕೊಟ್ಟಳು. ನಾಲ್ಕನೆಯ ದಿನ ವೈದ್ಯೆ, ಇನ್ನು ಜೀವಕ್ಕೆ ಹೆದರಬೇಕಿಲ್ಲ ಎಂದರು. ಕೈಯ ಬಗ್ಗೆ ಕೇಳಿದೆ. "ಮೆದುಳಿನ ಉಳಿದ ಭಾಗ ಹೊಸದಾಗಿ ಕಲೀಬೇಕು. ಎಷ್ಟು ಕಲೀತೈತಿ, ಈಗ ಹೇಳಾಕ ಬರೂದಿಲ್ಲ," ಎಂದರು.

ಒಂಬತ್ತನೆಯ ದಿನ ಮನೆಗೆ ಬಂದೆವು. ರಾತ್ರಿ ಎಬ್ಬಿಸುವ ಅಗತ್ಯವಿಲ್ಲ ಎಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಆದರೆ ನಮ್ಮ ಮನೆಯಲ್ಲಿ ನಿದ್ದೆ ಮುರಿದುಹೋಗಿತ್ತು. ಅವ್ವ ಅಪ್ಪನ ಮಣಿಕಟ್ಟು ಹಿಡಿದೇ ಮಲಗುತ್ತಿದ್ದಳು. ನಾನು ದಿನಾ ಏಳೆಂಟು ಸಲ ಎದ್ದು ಬಾಗಿಲಲ್ಲಿ ನಿಂತು ಉಸಿರು ಕೇಳುತ್ತಿದ್ದೆ. ಒಮ್ಮೆ ಕತ್ತಲೆಯಲ್ಲೇ ಅಪ್ಪನ ದನಿ ಬಂತು. "ಎಚ್ಚರ ಅದೇನಿ. ಮೂಗ ಮುಟ್ಟಿ ತೋರಸಲೇನು?" ಪಕ್ಕದ ಮನೆಯಲ್ಲಿ ಕಾಕಾನ ಕೆಮ್ಮೂ ಕೇಳುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ತಾಗಿದ ಕೂಡಲೇ ಲಕ್ಷ್ಮೇಶ್ವರದವರೆಗೂ ಸತ್ತಂತೆ ಮಲಗುತ್ತಿದ್ದೆ. ಎಚ್ಚರವಾದಾಗಲೆಲ್ಲ ಕಣ್ಣ ಮುಂದೆ ಅದೇ ಚಿತ್ರ. ಲಾಳಿಯನ್ನು ದಾಟಿ ಹೋಗುವ ಕೈ, ಮತ್ತು ಬೇರೆ ಕಡೆ ಬೆಳಕು ಹಿಡಿದ ನನ್ನ ಕೈ.

ಫಿಜಿಯೊಥೆರಪಿಯವರು ಹೇಳಿದ್ದು ಇಷ್ಟೇ. ನಿಧಾನ ಮಾಡಿ, ಕೈಯನ್ನು ನೋಡುತ್ತ ಮಾಡಿ, ದಿನಾ ಮಾಡಿ. ಅಪ್ಪನಿಗೆ ಸಿಟ್ಟು ಬಂತು. "ನಲವತ್ತು ವರ್ಷ ಕೈ ನೋಡಿಲ್ಲ. ಈಗ ಅದರ ಮಾರಿ ನೋಡ್ಕೋತ ಕುಂಡ್ರು ಅಂತಾರ." ಅವರು ಹೇಳಿದ ಲೋಟ, ಚೆಂಡಿನ ವ್ಯಾಯಾಮ ಒಗ್ಗದೆ ಹೋದಾಗ ಅವ್ವ ತನ್ನದೇ ದಾರಿ ಹಿಡಿದಳು. ಬುಟ್ಟಿಯಿಂದ ಒಂದೊಂದೇ ಕಂಡಿಕೆ ಎತ್ತಿ ಅವಳ ಅಂಗೈಯಲ್ಲಿ ಇಡಬೇಕು. ಮೊದಮೊದಲು ಕಂಡಿಕೆ ಅವಳ ಮೊಣಕೈಗೆ, ಸೆರಗಿಗೆ ತಾಗುತ್ತಿತ್ತು.

"ಕೈ ಇಲ್ಲೈತ್ರಿ. ಗ್ವಾಡಿ ಮ್ಯಾಲಲ್ಲ."

"ನೀ ಅಲುಗಾಡಬ್ಯಾಡ."

"ನಾನೆಲ್ಲಿ ಅಲುಗಾಡೇನಿ. ಅಲುಗಾಡೋರು ಯಾರಂತ ಓಣಿಗೆಲ್ಲ ಗೊತ್ತೈತಿ."

ಅಪ್ಪ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ಸಲ. ಆ ಧೈರ್ಯದಲ್ಲಿ ನಾನು ಟಾರ್ಚಿನ ಮಾತು ಹೇಳಿದೆ. ಕೈ ದಾಟಿದ್ದನ್ನು ನೋಡಿದ್ದೆ, ಅದೇನೆಂದು ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ ಎಂದೆ. ಅವನು ಕೈಯಲ್ಲಿದ್ದ ಕಂಡಿಕೆಯನ್ನು ಅವ್ವನ ಅಂಗೈಯಲ್ಲಿ ಇಟ್ಟ.

"ಕೈ ನಂದವ್ವಾ. ನಾನ ಮಗ್ಗದ ಕೆಳಗ ನೋಡಿದೆ. ನಿನಗೇನು ಹೇಳಲಿ," ಎಂದ.

ಇದರಿಂದ ನನ್ನ ಮನಸ್ಸು ಹಗುರಾಯಿತೆಂದು ಹೇಳಲಾರೆ. ಆದರೆ ಆಮೇಲೆ ಆ ಪಾಠವನ್ನು ತರಗತಿಯಲ್ಲಿ ಮಾಡಲು ಸಾಧ್ಯವಾಯಿತು. ಮೂಗು ಮುಟ್ಟಿಕೊಳ್ಳಿ ಎಂದಾಗ ಹುಡುಗರು ಎಂದಿನಂತೆ ನಕ್ಕರು. ನಗುವುದು ಮುಗಿಯುವವರೆಗೆ ಕಾದೆ. ಆಮೇಲೆ, ಮನೆಯಲ್ಲಿ ಯಾರದಾದರೂ ಕೈ ಗುರಿ ದಾಟಿದರೆ ಮೊದಲು ಗಡಿಯಾರ ನೋಡಿ ಎಂದು ಹೇಳಿದೆ.

ಕುಣಿಗೆ ಇಳಿಯುತ್ತೇನೆ ಎಂದು ಅಪ್ಪ ತಾನಾಗಿಯೇ ಹೇಳಿದ್ದು ನಾಲ್ಕನೆಯ ತಿಂಗಳಲ್ಲಿ. ಕೆಟ್ಟ ಅರಿವೆ ಹಾಗೆಯೇ ಮಗ್ಗದ ಮೇಲಿತ್ತು, ಧೂಳು ಕೂರದಂತೆ ಅವ್ವ ಹಳೆಯ ಸೀರೆ ಮುಚ್ಚಿದ್ದಳು. ಕಾಕಾ ಬಂದು ಒಂದು ಬದಿಗೆ ನಿಂತ. ಈ ಸಲ ಅವನು ಪಿಂಚಣಿಯ ಮಾತು ತೆಗೆಯಲಿಲ್ಲ. ಅಪ್ಪ ಅರಿಶಿಣದ ಎಳೆ ಕೇಳಿದ. ಗಂಟು ಹಾಕಲು ಅವನ ಬೆರಳು ಎಷ್ಟು ಸಲ ದಾರಿ ತಪ್ಪಿದವೆಂದರೆ ಅವ್ವ ತಡೆಯಲಾರದೆ ಕೈ ಮುಂದೆ ಮಾಡಿದಳು. ಅವನು ಮೊಣಕೈಯಿಂದ ಅವಳ ಕೈ ಸರಿಸಿದ. ಕೊನೆಗೆ ಗಂಟು ಬಿತ್ತು.

ಮೆಟ್ಟಿದ. ಬಲಗೈಯನ್ನು ನೋಡಿದ. ಎಳೆದ. ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಕಾಕಾ ಬಗ್ಗಿ ಅದನ್ನು ಆಚೆ ದೂಡಿದ. ಮತ್ತೆ ಎಳೆದ. ಇದು ಹೀಗೆಯೇ ನಡೆಯಿತು. ಒಮ್ಮೆ ಜೋರಾಗಿ ಎಳೆದಾಗ ಲಾಳಿ ಜಿಗಿಯಿತು. ಅಪ್ಪ ಕೈ ಚಾಚಿ ಲಾಳಿ ಎತ್ತಿಕೊಂಡ. ಕೈ ಒಂದು ಬೆರಳು ದಾಟಿತು. ನಾಲ್ಕು ದಾಟಲಿಲ್ಲ.

ಒಂದು ತಾಸಿಗೆ ನಾಲ್ಕು ಬೆರಳು ಅರಿವೆಯಾಯಿತು. ಅಂಚು ಸೊಟ್ಟಗಿತ್ತು. ಕಾಕಾ ಅದರ ಮೇಲೆ ಬಾಗಿ, "ಬಿಚ್ಚಲೇನಣ್ಣ?" ಎಂದು ಕೇಳಿದ.

"ಬ್ಯಾಡ," ಎಂದ ಅಪ್ಪ. "ಇಲ್ಲಿಂದ ಮುಂದ ಎಲ್ಲಿ ನೆಟ್ಟಗಾತು ಅಂತ ಗೊತ್ತಾಗಬೇಕಲ್ಲ."

ಕುಣಿಯಿಂದ ಮೇಲೆ ಬರುವಾಗ ಅವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ರಾತ್ರಿ ಊಟ ಮಾಡುತ್ತಲೇ ತೂಕಡಿಸಿದ. ನಾವೂ ಮಲಗಿದೆವು.

ನನಗೆ ಎಚ್ಚರವಾದದ್ದು ಬಾಗಿಲು ಬಡಿಯುವ ಸಪ್ಪಳಕ್ಕೆ. ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಏಳೂವರೆ. ಹೊರಗಿನಿಂದ ಕಾಕಾ ಕೂಗುತ್ತಿದ್ದ. "ವೈನಿ, ಬಾಗಿಲ ತೆಗೀರಿ. ಏನಾತು? ಯಾಕ ಯಾರೂ ಎದ್ದಿಲ್ಲ?"

ಅವ್ವ ಎದ್ದು ಕುಳಿತು ತನ್ನ ಕೈ ನೋಡಿಕೊಂಡಳು. ನಿದ್ದೆಯಲ್ಲಿ ಅಪ್ಪನ ಮಣಿಕಟ್ಟು ಯಾವಾಗಲೋ ಬಿಟ್ಟುಹೋಗಿತ್ತು. ಅಪ್ಪ ಆಗಲೇ ಬಾಗಿಲ ಹತ್ತಿರ ಹೋಗಿದ್ದ. ಬಲಗೈಯನ್ನು ಚಿಲಕದ ಕಡೆಗೆ ಚಾಚಿದ. ಮೊದಲ ಸಲ ತಪ್ಪಿತು. ಎರಡನೆಯ ಸಲಕ್ಕೆ ಸಿಕ್ಕಿತು.

"ಏನೂ ಆಗಿಲ್ಲೋ," ಎಂದು ಬಾಗಿಲು ತೆಗೆದ. "ನಿದ್ದಿ ಹತ್ತಿತ್ತು."